ಕಂಟ್ರೋಲರ್ ಧೂಳಪ್ಪನ ವೆಬ್‌ಸೈಟಿಗೆ ಓಣಿಯ ಮುಯ್ಯಿ

"ಮನಿ ಮಂದಿ ಗಮನಕ್ಕ! ಇನ್ನ ಮ್ಯಾಲೆ ಈ ಮನಿಗೆ ರೂಪಾಯಿ ಬರಂಗಿಲ್ಲ. ಬಂದ್ರ ಡಾಲರೇ ಬರಬೇಕು!"

ಧೂಳಪ್ಪ ಎಡಗೈ ಸೊಂಟದ ಮ್ಯಾಲಿಟ್ಟು, ಬಲಗೈ ಬೆರಳು ಜಂತಿಗೆ ಎತ್ತಿ ಹಿಂಗ ಸಾರಿದಾಗ ಮನ್ಯಾಗ ಇದ್ದ ಮಂದಿ ಅಂದರ ಹೆಂಡತಿ ಸುಮಿತ್ರಾಬಾಯಿ ಒಬ್ಬಾಕಿನೇ. ಆಕಿ ಒಲಿ ಮುಂದ ಕುಂತು ರೊಟ್ಟಿ ಬಡಿಯಾಕತ್ತಿದ್ದಳು. ಕೈ ನಿಲ್ಲಿಸದೇ ಕೇಳಿದಳು:

"ಡಾಲರ್ ತಗೊಂಡು ಹೋದ್ರ ಹಿಟ್ಟಿನ ಗಿರಣ್ಯಾಗ ಬೀಸಿ ಕೊಡತಾರೇನ್ರಿ?"

ಧೂಳಪ್ಪ ಸಣ್ಣ ಆಸಾಮಿ ಅಲ್ಲ. ಇಪ್ಪತ್ತೆಂಟು ವರ್ಷ ಸಿಂದಗಿ ಬಸ್‌ಸ್ಟ್ಯಾಂಡಿನಾಗ ಕಂಟ್ರೋಲರ್ ಆಗಿ ಮೆರೆದಾಂವ. ಅವನು ಮೈಕಿನಾಗ "ಪ್ರಯಾಣಿಕರ ಗಮನಕ್ಕ" ಅಂದ ಹೊರತು ಇಂಡಿ ಬಸ್ಸು ಇಂಡಿಗೆ ಹೋಗತಿದ್ದಿಲ್ಲ, ಬಾಗೇವಾಡಿ ಬಸ್ಸು ಬಾಗೇವಾಡಿಗೆ ಹೋಗತಿದ್ದಿಲ್ಲ. ಅಂದ ಮ್ಯಾಲೂ ಕೆಲವು ಹೋಗತಿದ್ದಿಲ್ಲ, ಆ ಮಾತು ಬ್ಯಾರೆ. ಎರಡು ಸಾವಿರದ ಆರನೇ ಇಸ್ವಿಯೊಳಗ ನಿವೃತ್ತಿ ಆತು. ಮೈಕು ಬಸ್‌ಸ್ಟ್ಯಾಂಡಿನಾಗೇ ಉಳೀತು, ದನಿ ಮಾತ್ರ ಮನಿಗೆ ಬಂತು. "ಸುಮಿತ್ರಾಬಾಯಿ ಗಮನಕ್ಕ, ಚಹಾ ಹತ್ತು ನಿಮಿಷ ತಡಾ ಆಗೇತಿ!" ಅಂತ ಪಡಸಾಲಿಯಿಂದ ಕೂಗಿದರ, ನಾಕನೇ ಮನಿಯ ಪೀರಬಿ ಗಾಬರಿ ಆಗಿ ತನ್ನ ಒಲಿ ಮ್ಯಾಲಿನ ಚಹಾ ಇಳಸತಿದ್ದಳು!

ಡಾಲರಿನ ಹುಚ್ಚು ಹಚ್ಚಿದಾಂವ ಈ ಪೀರಬಿಯ ಮಗ ಶಕೀಲ. ಬಸ್‌ಸ್ಟ್ಯಾಂಡಿನ ಎದುರಿಗೆ ಅವನದು ಕಂಪ್ಯೂಟರ್ ಅಂಗಡಿ.

"ಕಾಕಾ, ನಾಕು ತಾಲೂಕಿನ ಬಸ್ಸಿನ ಟೈಮು ನಿಮ್ಮ ತಲಿಯೊಳಗ ಐತಿ. ಅದನ್ನೆಲ್ಲಾ ಒಂದು ವೆಬ್‌ಸೈಟ್ ಮಾಡಿ ಹಾಕೂಣು. ಬಾಜೂಕ ಕಂಪನಿಯವ್ರು ಜಾಹೀರಾತು ಹಚ್ಚತಾರ. ನೋಡಾಕ ಬಂದಾಂವ ಆ ಜಾಹೀರಾತು ಒತ್ತಿದ್ರ ನಿಮಗ ರೊಕ್ಕ."

"ಬರೇ ಒತ್ತಿದ್ರ ರೊಕ್ಕ?"

"ಬರೇ ಒತ್ತಿದ್ರ. ನೂರು ಡಾಲರ್ ತುಂಬಿದ ಕೂಡ್ಲೇ ಮನಿ ಬಾಗಲಿಗೆ ಚೆಕ್ಕು!"

ಧೂಳಪ್ಪನ ಕಣ್ಣ ಮುಂದ ಚೆಕ್ಕು ಪಟಪಟ ಹಾರಾಡಿತು. ಆದರ ಕಂಪ್ಯೂಟರ್ ಎಲ್ಲಿಂದ ತರೂದು? ಸುಮಿತ್ರಾಬಾಯಿ ಎರಡು ದಿನದ ಮಟ್ಟಿಗೆ ಲಚ್ಯಾಣದ ಮಠಕ್ಕ ಹೋದದ್ದೇ ತಡ, ಈ ಪುಣ್ಯಾತ್ಮ ಆಕಿಯ ಹೊಲಿಗಿ ಮಷೀನನ್ನ ಕೈಗಾಡಿ ಮ್ಯಾಲೆ ಏರಿಸಿ ಶಕೀಲನ ಮನಿಗೆ ಸಾಗಿಸಿದ. ಅದರ ಬದಲಿಗೆ ಒಂದು ಹಳೇ ಕಂಪ್ಯೂಟರ್ ತಂದು ಅದೇ ಜಾಗಾದಾಗ ಕೂಡಿಸಿದ! ಕರಾರು ಏನಂದರ, ಕಾರಹುಣ್ಣಿವಿಯೊಳಗ ಕಂಪ್ಯೂಟರಿನ ರೊಕ್ಕ ಕೊಟ್ಟರ ಮಷೀನು ವಾಪಸು. ಇಲ್ಲಂದರ ಅದು ಶಕೀಲನ ಹೆಂಡತಿ ಜಾಸ್ಮಿನಳ ಪಾಲು.

ಆ ಮಷೀನು ಸುಮಿತ್ರಾಬಾಯಿ ತವರಿನಿಂದ ತಂದದ್ದು. ಓಣಿಯ ಅರ್ಧಕ್ಕರ್ಧ ಕುಪ್ಪಸ ಅದರ ಮ್ಯಾಲೇ ಹೊಲಿದದ್ದು. ಮಠದ ಪ್ರಸಾದ ಕೈಯಾಗ ಹಿಡಕೊಂಡು ಒಳಗ ಬಂದಾಕಿ ಮಷೀನಿನ ಜಾಗಾದಾಗ ಕುಂತ ಡಬ್ಬಿ ನೋಡಿದಳು, ಗಂಡನ್ನ ನೋಡಿದಳು. ಕೂಗಾಡಲಿಲ್ಲ. ಅದೇ ಧೂಳಪ್ಪಗ ಹೆಚ್ಚು ಅಂಜಿಕಿ ಹುಟ್ಟಿಸಿತು.

"ಕಾರಹುಣ್ಣಿವಿ ದಿನಾ ನನ್ನ ಮಷೀನು ಇದೇ ಜಾಗಾದಾಗ ಇರಬೇಕು" ಅಂದಳು.

"ಇಲ್ಲಂದ್ರ?"

"ಇಲ್ಲಂದ್ರ ಈ ಡಬ್ಬೀನೂ ಇರಂಗಿಲ್ಲ, ನೀವೂ ಇರಂಗಿಲ್ಲ. ಜಾಗಾ ಒಂದೇ ಇರತೈತಿ."

ಅಂತೂ ವೆಬ್‌ಸೈಟ್ ಎದ್ದು ನಿಂತಿತು. ಫೋನಿನ ತಾರು ಕಂಪ್ಯೂಟರಿಗೆ ಚುಚ್ಚಿದರ ಅದು ಸ್ವಲ್ಪ ಹೊತ್ತು ಕಿರ್‍ರ್ ಕೊರ್‍ರ್ ಅಂತ ಗೊರಕಿ ಹೊಡೆದು ಎಚ್ಚರ ಆಗತಿತ್ತು. ಮೊದಲನೇ ತಿಂಗಳು ಇನ್ನೂರಾ ಹನ್ನೆರಡು ಸಲ ನೋಡ್ಯಾರಂತ ಲೆಕ್ಕ ತೋರಿಸಿತು. ಧೂಳಪ್ಪ ಉಬ್ಬಿ ಹೋದ! ಶಕೀಲ ಬಂದು ತಪಾಸ ಮಾಡಿ, "ಕಾಕಾ, ಇದರಾಗ ಇನ್ನೂರಾ ಒಂಬತ್ತು ಸಲ ನೀವೇ ಅದೀರಿ" ಅಂದ.

"ಉಳಿದ ಮೂರು?"

"ನಾನು."

ಊರ ಮಂದಿಗೆ ವೆಬ್‌ಸೈಟ್ ಯಾಕ ಬೇಕು? ದೇವಣಗಾಂವಿಗೆ ಹೋಗಾಂವ ಕಿಡಕಿಯಾಗ ಹಣಿಕಿ ಹಾಕಿ ಕೇಳತಿದ್ದ: "ಕಂಟ್ರೋಲರ್ ಸಾಹೇಬ್ರ, ದೇವಣಗಾಂವ ಬಸ್ ಹೋತೇನ್ರಿ?"

"ವೆಬ್‌ಸೈಟ್ ನೋಡ್ರಿ!"

"ನೀವೇ ಕಾಣಾಕತ್ತೀರಲ್ಲ, ಅದನ್ಯಾಕ ನೋಡ್ಲಿ?"

ಜಾಹೀರಾತು ಒತ್ತಾವರು ಇಲ್ಲ, ಡಾಲರ್ ಪೂಜ್ಯ. ಇತ್ತ ಬ್ಯಾಸಗಿ ಏರಿತು, ಕಾರಹುಣ್ಣಿವಿ ಹತ್ತಿರ ಬಂತು. ಮಾಲೀಕ ತನ್ನ ಜಾಹೀರಾತು ತಾನೇ ಒತ್ತಬಾರದು ಅಂತ ಕಂಪನಿಯ ನಿಯಮ ಇತ್ತು. ಇಪ್ಪತ್ತೆಂಟು ವರ್ಷ ನಿಯಮದ ಪುಸ್ತಕ ಬಗಲಾಗ ಇಟಗೊಂಡು ಬದುಕಿದಾಂವ, ಮುರಿಯೋದು ಸಾಧ್ಯವೇ ಇಲ್ಲ! ಕುಂತು ವಿಚಾರ ಮಾಡಿದ. ಎದುರಿನ ಮನಿಯ ಕಾಶಿಬಾಯಿಯ ಕಟ್ಟಿ ಮ್ಯಾಲೆ ಹತ್ತು ಮಂದಿ ಹೆಣ್ಣುಮಕ್ಕಳು ಶಾವಿಗಿ ಮಾಡಾಕತ್ತಿದ್ದರು. ಇವತ್ತು ಇವರ ಮನಿ ಶಾವಿಗಿಗೆ ಅವರು, ನಾಳೆ ಅವರ ಮನಿ ಹಪ್ಪಳಕ್ಕ ಇವರು. ಕೂಲಿ ಇಲ್ಲ, ಕೈಗೆ ಕೈ, ದಿನಕ್ಕ ದಿನಾ. ಅದೇ ಮುಯ್ಯಿ. ಧೂಳಪ್ಪ ಜಿಗಿದು ಎದ್ದ.

"ಸುಮಿತ್ರಾ! ನಾನು ಒತ್ತಬಾರದು ಅಂದಾರ. ಓಣಿ ಒತ್ತಬಾರದು ಅಂದಾರೇನು?"

ಕಟ್ಟಿ ಮುಂದ ನಿಂತು ಅನೌನ್ಸ್ ಮಾಡೇಬಿಟ್ಟ: "ಓಣಿ ಅಕ್ಕತಂಗೇರ ಗಮನಕ್ಕ! ನಮ್ಮ ವೆಬ್‌ಸೈಟಿಗೆ ಮುಯ್ಯಾಳು ಬೇಕಾಗ್ಯಾರ. ನೆರಳಾಗ ಕುಂತು ಮಾಡೋ ಕೆಲಸ!"

"ಏನ ಮಾಡಬೇಕ್ರಿ ಅಣ್ಣಾರ?" ಪೀರಬಿ ಕೇಳಿದಳು.

"ಚಿತ್ರದ ಮ್ಯಾಲೆ ಬಾಣಾ ಇಟ್ಟು ಬೆರಳಿಲೇ ಟಕ್ ಅನಸೂದು."

"ಅಷ್ಟೇ? ಮುಯ್ಯಿ ಮಾತ್ರ ಪೂರಾ ಕೊಡತೀರೆಲ್ಲ?"

"ಅರ್ಧ ದಿನಕ್ಕ ಅರ್ಧ ದಿನಾ! ತೀರಸೂದು ನನ್ನ ಜವಾಬ್ದಾರಿ!"

ಬಾಗಲಾಗ ನಿಂತ ಸುಮಿತ್ರಾಬಾಯಿ ಸೆರಗು ಸರಿ ಮಾಡಿಕೊಂಡಳು. "ಯಾರ ಜವಾಬ್ದಾರಿ ಅಂದ್ರಿ?"

"ನಂದು!"

"ಇನ್ನೊಮ್ಮೆ ಹೇಳ್ರಿ. ಕಾಶಿಬಾಯಿಗೆ ಕಿವಿ ಸ್ವಲ್ಪ ಮಂದ ಅದಾವ."

"ನಂದು! ನಂದು! ನಂದು!" ಅಂತ ಧೂಳಪ್ಪ ಮೂರು ಸಲ ಕೂಗಿದ. ಹರಾಜಿನಾಗ ಕೂಗಿದಂಗ ಓಣಿ ತುಂಬ ಕೇಳಿಸಿತು.

ಮರುದಿನದಿಂದ ಇಪ್ಪತ್ತಮೂರು ಮಂದಿ ಪಾಳಿ ಹಚ್ಚಿದರು. ಕಾಶಿಬಾಯಿ ಮೌಸನ್ನ ರೊಟ್ಟಿ ಬಡಿದಂಗ ಬಡಿದಳು. ಕಂಪ್ಯೂಟರ್ ನಡುಗಿತು, ಆದರ ಒತ್ತಿದ್ದು ಲೆಕ್ಕಕ್ಕ ಬಂತು! ಪೀರಬಿಗೆ ಒಂದು ಬಿಳೇ ಹಡಗಿನ ಜಾಹೀರಾತು ಮನಸಿಗೆ ಬಂದಿತ್ತು. "ನಾ ಹಡಗಿಗೇ ಒತ್ತಾಕಿ. ಆ ಕೂದಲ ಎಣ್ಣಿಗೆ ಬ್ಯಾರೆ ಯಾರರೆ ಒತ್ತ್ರಿ" ಅಂದಳು. ಕಡಲಿ ಹಸನ ಮಾಡಿದಷ್ಟು ಸಲೀಸಾಗಿ ಟಕ್ ಟಕ್ ಟಕ್. ಬಾಯಾಗ ಬೀಸೋ ಪದದ ಗುನುಗು. ಧೂಳಪ್ಪ ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡು ಅಡ್ಡಾಡಿದ, ತಪ್ಪಿಯಾದರೂ ಬೆರಳು ತಾಗಿ ನಿಯಮ ಮುರದೀತು ಅಂತ! ಹನ್ನೆರಡು ಡಾಲರ್, ಮೂವತ್ತು, ಐವತ್ತೆಂಟು!

ಮೂರನೇ ದಿನ ಬಾಗಲಾಗ ಒಂದು ಜೀಪು ಬಂದು ಕಿರ್‍ರನೆ ನಿಂತಿತು. ಇಳಿದಾಕಿ ಮುದ್ದೇಬಿಹಾಳಕ್ಕ ಕೊಟ್ಟ ಮಗಳು ಸುವರ್ಣಾ. ವೆಬ್‌ಸೈಟ್ ನಡೆಯೋ ಹೊತ್ತಿಗೆ ಫೋನು ಹತ್ತಂಗಿಲ್ಲ ನೋಡ್ರಿ, ಆಕಿ ಮೂರು ದಿನಾ ಹಚ್ಚಿ ಹಚ್ಚಿ ಸಾಕಾಗಿ, ತವರಾಗ ಏನೋ ಆಗೇತಿ ಅಂತ ಗಂಡನ್ನ ಎಬ್ಬಿಸಿಕೊಂಡು ಹೊಂಟು ಬಂದಿದ್ದಳು. ಬಂದು ನೋಡತಾಳ, ಬಾಗಲ ಮುಂದ ಇಪ್ಪತ್ತಮೂರು ಜೋಡು ಚಪ್ಪಲಿ! ಪಡಸಾಲಿ ತುಂಬ ತಲಿ ಮ್ಯಾಲೆ ಸೆರಗು ಹೊತ್ತ ಹೆಣ್ಣುಮಕ್ಕಳು, ಎಲ್ಲಾರ ಮುಖ ಒಂದೇ ಮೂಲಿ ಕಡೆ!

"ಯಪ್ಪಾ! ನನ್ನ ಬಿಟ್ಟು ಹ್ಯಾಂಗ ಹೋದೆಪ್ಪಾ!" ಅಂತ ಹೊಸ್ತಿಲ ಮ್ಯಾಲೇ ಕುಸಿದು ಹಾಡ್ಯಾಡಿ ಅಳಾಕ ಹತ್ತಿದಳು. ಹೆಣ್ಣುಮಕ್ಕಳ ಪೈಕಿ ಆರು ಮಂದಿಗೆ ಏನು ಎತ್ತ ತಿಳೀಲಿಲ್ಲ, ಮಗಳು ಅಳಾಕತ್ತಾಳಂತ ತಾವೂ ದನಿ ಕೂಡಿಸಿದರು. ಆವಾಗ ಅಡಿಗಿಮನಿಯಿಂದ ಚಹಾದ ತಟ್ಟಿ ಹಿಡಕೊಂಡು ತೀರಿಹೋದ ಅಪ್ಪನೇ ಹೊರಗ ಬಂದ!

"ಯಾರು ಹೋದ್ರು?" ಅಂದ ಧೂಳಪ್ಪ.

ಸುವರ್ಣಾ ಕಣ್ಣು ಒರಸಿಕೊಂಡಳು. ಅಪ್ಪ ಬದುಕಿದ್ದು ಸಂತೋಷ ಆತು, ಆದರ ಮುದ್ದೇಬಿಹಾಳದಿಂದ ಅತ್ತುಕೋತ ಬಂದದ್ದು ದಂಡ ಆತಲ್ಲ ಅಂತ ಸಿಟ್ಟೂ ಬಂತು. "ಬಂದಾಕಿ ಸುಮ್ಮನ ಯಾಕ ಕುಂದರತಿ? ನೀನೂ ನೂರು ಒತ್ತಿ ಹೋಗು" ಅಂದಳು ಸುಮಿತ್ರಾಬಾಯಿ.

ಐದನೇ ದಿನಾ ಸಂಜಿಮುಂದ ನೂರು ತುಂಬಿತು! ಧೂಳಪ್ಪ ಓಣಿಗೆಲ್ಲಾ ಚುರಮರಿ, ಭಜಿ, ಚಹಾ ಹಂಚಿದ. "ಸುಮಿತ್ರಾಬಾಯಿ ಗಮನಕ್ಕ! ಮಷೀನು ಇನ್ನ ಕೆಲವೇ ದಿನದಾಗ ಪ್ಲಾಟ್‌ಫಾರ್ಮಿಗೆ ಬರಲಿದೆ!"

ಮುಂಜಾನೆ ಎದ್ದು ನೋಡಿದರ ಡಾಲರಿನ ಜಾಗಾದಾಗ ಇಂಗ್ಲಿಷಿನಾಗ ಉದ್ದನ್ನ ಕಾಗದ. ಶಕೀಲ ಓದಿ ತಲಿ ಕೆರಕೊಂಡ.

"ಕಾಕಾ, ಖಾತೆ ಬಂದ್ ಮಾಡ್ಯಾರ. ರೊಕ್ಕಾನೂ ಇಲ್ಲ."

"ಯಾಕ? ನಾ ಒಂದ ಸಲಾನೂ ಒತ್ತಿಲ್ಲ! ಇಪ್ಪತ್ತಮೂರು ಮಂದಿ ಬ್ಯಾರೆ ಬ್ಯಾರೆ ಒತ್ಯಾರ!"

"ಮಂದಿ ಇಪ್ಪತ್ತಮೂರು, ಕಂಪ್ಯೂಟರ್ ಒಂದು, ಫೋನು ಒಂದು. ಕಂಪನಿಗೆ ಕುಪ್ಪಸದ ಬಣ್ಣ ಕಾಣತೈತೇನ್ರಿ? ಐದು ದಿನಾ ಒಂದೇ ಮನಿಯಿಂದ ಹನ್ನೊಂದು ಸಾವಿರ ಸಲ ಟಕ್ ಅಂದೈತಿ. ಮಾಲೀಕನೇ ಊಟ ನಿದ್ದಿ ಬಿಟ್ಟು ಒತ್ಯಾನ ಅಂತ ತಿಳದಾರ."

ಬೆನ್ನ ಹಿಂದ ಕಟ್ಟಿದ್ದ ಧೂಳಪ್ಪನ ಕೈ ಆಗ ಸಡಲಾದವು. ಅಷ್ಟರಾಗ ಬಾಗಲಾಗ ಕಾಶಿಬಾಯಿ ಬಂದಳು.

"ಸುಮಿತ್ರಕ್ಕಾ, ಇವತ್ತ ನಮ್ಮಲ್ಲೆ ಸಂಡಗಿ. ಮುಯ್ಯಿ ಕೊಡಾಕ ಬರ್ರಿ."

"ನನ್ನ ಯಾಕ ಕರೀತಿ? ನಾ ಕರದಿಲ್ಲ, ನಾ ಒತ್ತಿಸಿಲ್ಲ" ಅಂದಳು ಸುಮಿತ್ರಾಬಾಯಿ, ಬಲು ಸಮಾಧಾನದಿಂದ. "ಜವಾಬ್ದಾರಿ ಯಾರದು ಅಂತ ಮೂರು ಸಲ ಕೂಗ್ಯಾರ. ಕರಕೊಂಡ ಹೋಗು."

ಅಲ್ಲಿಂದ ಸುರು ಆತು ನೋಡ್ರಿ ಕಂಟ್ರೋಲರನ ಪಾದಯಾತ್ರೆ! ಕಾಶಿಬಾಯಿ ಮಾಳಗಿ ಮ್ಯಾಲೆ ಸಂಡಗಿ ಇಟ್ಟ. ಇಟ್ಟದ್ದು ಒಂದೊಂದು ಒಂದೊಂದು ತಾಲೂಕಿನ ನಕಾಶೆ ಆತು. ಮುಂದಿನ ಮನ್ಯಾಗ ಜ್ವಾಳಾ ಹಸನ ಮಾಡಿದ, ಹರಳು ಗಡಿಗ್ಯಾಗ ಉಳದವು, ಜ್ವಾಳಾ ತಿಪ್ಪಿಗೆ ಹೋತು. ಅದರ ಮುಂದಿನ ಮನ್ಯಾಗ ಶೇಂಗಾ ಒಡಿಯೂದು. ಮೂರು ಒಡೆದು ಒಂದು ತಿಂದ, ಸಿಕ್ಕಿಬಿದ್ದ. ಕನ್ನೊಳ್ಳಿ ಬಸ್ಸಿನ ಡ್ರೈವರ್ ಓಣಿಯಾಗ ಹಾದು ಹೋಗೂ ಮುಂದ ಮಾಳಗಿ ಮ್ಯಾಲೆ ಹಪ್ಪಳ ಹಾಕಾಕತ್ತಿದ್ದ ಇವನನ್ನ ನೋಡಿ, "ಸಾಹೇಬ್ರ, ಹಪ್ಪಳ ಎಷ್ಟ ಗಂಟೆಕ್ಕ ಬಿಡತಾವ್ರಿ?" ಅಂತ ಕೇಳಿದ. ಧೂಳಪ್ಪ ಹಪ್ಪಳ ಮುಚ್ಚಿದ ಅರಿವಿ ತನ್ನ ಮುಖದ ಮ್ಯಾಲೆ ಎಳಕೊಂಡ.

ಇಪ್ಪತ್ತಮೂರನೇ ಮನಿ ಪೀರಬಿದು. ನಾಳೆ ಕಾರಹುಣ್ಣಿವಿ. ಪೀರಬಿ ಎರಡು ಚೀಲ ಒಣ ಮೆಣಸಿನಕಾಯಿ ಸುರುವಿ, "ತೊಟ್ಟು ಬಿಡಸ್ರಿ ಅಣ್ಣಾರ" ಅಂದಳು. ಧೂಳಪ್ಪ ಕುಂತದ್ದು ನೆಟ್ಟಗ ಆ ಹೊಲಿಗಿ ಮಷೀನಿನ ಎದುರಿಗೇ! ಅರ್ಧ ದಿನದ ಕರಾರು, ಆದರ ಮೆಣಸಿನಕಾಯಿ ಮುಗೀಲೇ ಇಲ್ಲ. ಮಧ್ಯಾಹ್ನದ ಬಿಸಲಿಗೆ ಬೆವರು ಇಳೀತು. ತಪ್ಪಿ ಕಣ್ಣಿಗೆ ಕೈ ಹಚ್ಚಿದ. ಒಂದು ಕಣ್ಣು ಉರದದ್ದಕ್ಕ ಇನ್ನೊಂದನ್ನೂ ಒರಸಿದ!

ಪೀರಬಿ ಹೊರಗ ಬಂದು ನೋಡತಾಳ, ಕಂಟ್ರೋಲರ್ ಮಷೀನಿನ ಕಡೆ ಮುಖ ಮಾಡಿ ಗಳಗಳ ನೀರು ಸುರಸಾಕತ್ಯಾನ. ಆಕಿ ಕರಗಿ ಮಗನ್ನ ಕೂಗಿದಳು.

"ಶಕೀಲ! ಬಾ ಇಲ್ಲಿ! ಹೆಂಡತಿ ಮಷೀನಿನ ಸಲುವಾಗಿ ಇಷ್ಟು ಅಳೋ ಗಂಡಸನ್ನ ನಾ ಹುಟ್ಟಿದಾಗಿಂದ ನೋಡಿಲ್ಲ. ನಿನ್ನ ಡಬ್ಬಿ ನೀ ತಗೋ, ಅವರ ಮಷೀನು ಅವರಿಗೆ ಕೊಡು!"

"ಅಮ್ಮಾ, ಡಬ್ಬಿ ಛಲೋ ಇರಬೇಕಲ್ಲ? ಮೌಸಿನ ಎಡಗಡೆ ಪೂರಾ ತಗ್ಗು ಬಿದ್ದೈತಿ."

"ಆ ತಗ್ಗು ಕೆಡವಿದಾಕಿ ನಾನೇ! ನನಗ ಬಿಲ್ಲು ಕಳಸತೀ ಏನು?"

ಧೂಳಪ್ಪಗ ಖರೇ ಹೇಳಬೇಕಂತ ಅನಸಿತು. ಆದರ ಬಾಯಿ ತೆಗೆದರ ಬರೇ ಬಿಕ್ಕು ಬಂತು. ಪೀರಬಿ ಇನ್ನಷ್ಟು ಕರಗಿದಳು.

ಹುಣ್ಣಿವಿ ಮುಂಜಾನೆ ಮಷೀನು ತನ್ನ ಜಾಗಾಕ್ಕ ಬಂದು ಕುಂತಿತು. ಸುಮಿತ್ರಾಬಾಯಿ ಎಣ್ಣಿ ಬಿಟ್ಟು, ದಾರ ಪೋಣಿಸಿ, ಕಾಲು ಆಡಿಸಿದಳು. ಕಣ್ಣಂಚಿನಾಗ ನೀರು ಬಂತು.

"ಪೀರಬಿ ಹೇಳಿದಳು. ಖರೇನ, ನನ್ನ ಮಷೀನಿನ ಸಲುವಾಗಿ ಅತ್ತಿರಿ?"

"ಮತ್ತ!" ಅಂದ ಧೂಳಪ್ಪ, ನಾಚಿಕೊಂಡವರಂಗ ನೆಲಾ ನೋಡಿ.

ಸುಮಿತ್ರಾಬಾಯಿ ಪ್ರೀತಿಯಿಂದ ಅವನ ತೋಳು ಹಿಡದು ಹತ್ತಿರ ಎಳಕೊಂಡಳು. ಮೆಣಸಿನಕಾಯಿ ಬಿಡಿಸಿದ ನಿನ್ನಿನ ಅಂಗಿ ಇನ್ನೂ ಅವನ ಮೈಮ್ಯಾಲೇ ಇತ್ತು. "ಆಕ್ಷೀ! ಆಕ್ಷೀ! ಆಕ್ಷೀ!" ಮೂರು ಸಲ ಸೀನಿ, ಗಂಡನ ಮುಖ ನೋಡಿದಳು. ಎಲ್ಲಾ ತಿಳೀತು. ಮತ್ತ ಕಾಲು ಆಡಿಸಿದಳು.

ಅಷ್ಟೊತ್ತಿಗೆ ಪೀರಬಿ, ಕಾಶಿಬಾಯಿ ಮುಂದಾಗಿ ಓಣಿ ಹೆಣ್ಣುಮಕ್ಕಳು ಬಾಗಲಿಗೆ ಬಂದರು. ಪೀರಬಿ ಅಂದಳು:

"ಅಣ್ಣಾರ, ಅರ್ಧ ದಿನಾ ದುಡೀಬೇಕಾದಲ್ಲೆ ನಮ್ಮಲ್ಲೆ ಪೂರಾ ದಿನಾ ದುಡದೀರಿ. ಕಾಶಿಬಾಯಿ ಮನ್ಯಾಗೂ ಹಂಗೇ ಆಗೇತಂತ. ನಿಮ್ಮ ಮುಯ್ಯಿ ಈಗ ಓಣಿ ಮ್ಯಾಲೆ ಉಳದೈತಿ, ನಾವು ಇಟಗೊಳ್ಳೋರಲ್ಲ. ಇನ್ನೊಂದು ವೆಬ್‌ಸೈಟ್ ತಗೀರಿ, ಎಲ್ಲಾರೂ ಬಂದು ಒತ್ತತೇವಿ!"

ಧೂಳಪ್ಪನ ಕಾಲು ತಾವೇ ಹಿತ್ತಲ ಬಾಗಲ ಕಡೆ ಹೊಂಟವು. ಸುಮಿತ್ರಾಬಾಯಿ ಮಷೀನು ನಿಲ್ಲಿಸದೇ, ಥೇಟ್ ಅವನದೇ ದನಿಯಾಗ ಕೂಗಿದಳು:

"ಓಣಿ ಮಂದಿ ಗಮನಕ್ಕ! ಡಾಲರಿಗೆ ಹೋಗೋ ಬಸ್ಸು ರದ್ದಾಗೇತಿ. ಕಂಟ್ರೋಲರ್ ಸಾಹೇಬ್ರು ಈಗ ಹಿಟ್ಟಿನ ಗಿರಣಿಗೆ ಹೊಂಟಾರ. ಬೀಸೂದು ಇದ್ದಾವ್ರು ಜ್ವಾಳಾ ಕೊಟ್ಟು ಕಳಿಸಬೇಕಾಗಿ ವಿನಂತಿ!"

ಹನ್ನೊಂದು ಡಬ್ಬಿ ಜ್ವಾಳಾ ಬಂತು.