ಉಂಡಿರಹಿತ ಗುಂಪಿನ ಬಾಣಂತನ

ಬೆಳಗಾವಿಯ ಮಹಾಂತೇಶ ನಗರದಲ್ಲಿರುವ ಪ್ರಸೂತಿ ಸಂಶೋಧನಾ ಕೇಂದ್ರದಲ್ಲಿ ಕಳೆದ ವರ್ಷ ಹೆರಿಗೆಯಾದ ಸಿಬ್ಬಂದಿಯ ಸಂಖ್ಯೆ ಸೊನ್ನೆ. ಬಾಣಂತನ ಮಾಡಿಸಿಕೊಂಡವರು ಹನ್ನೆರಡು ಜನ, ಒಬ್ಬರನ್ನು ಬಿಟ್ಟು ಎಲ್ಲರೂ ಗಂಡಸರು. ಈ ಬಗ್ಗೆ ಊರಲ್ಲಿ ಹಬ್ಬಿರುವ ಕುಹಕವನ್ನು ಕೇಂದ್ರವು ಖಂಡಿಸುತ್ತದೆ. ನಡೆದದ್ದೆಲ್ಲ ನಿಯಮದ ಪ್ರಕಾರವೇ ನಡೆದಿದೆ.

ಕೇಂದ್ರದ ಸಂಖ್ಯಾಶಾಸ್ತ್ರಜ್ಞೆ ನೇತ್ರಾ ಅವರದು ಇಪ್ಪತ್ತು ವರ್ಷದ ಸೇವೆ. ಗರ್ಭ, ಹೆರಿಗೆ, ಎದೆಹಾಲಿನ ವಿಷಯದಲ್ಲಿ ಡಾಕ್ಟರುಗಳು ಏನು ಹೇಳಿದರೂ ಅದು ನಿಜವೋ ಆಕಸ್ಮಿಕವೋ ಎಂದು ಲೆಕ್ಕ ಹಾಕಿ ಹೇಳುವುದು ಅವರ ಕೆಲಸ. ಹಾಗೆ ಹೇಳುತ್ತ ಬಂದದ್ದರಿಂದ ಅವರಿಗೆ ಬಡ್ತಿ ಸಿಕ್ಕಿರಲಿಲ್ಲ. ಮಾರ್ಚ್ ಒಳಗೆ ಒಂದು ಅಧ್ಯಯನವನ್ನಾದರೂ ಮುಗಿಸದಿದ್ದರೆ ಅವರ ವಿಭಾಗವನ್ನೇ ಮುಚ್ಚಿ, ಅವರನ್ನು ಉಗ್ರಾಣದಲ್ಲಿ ಹತ್ತಿಯ ಉಂಡೆ ಎಣಿಸಲು ಕೂರಿಸುವುದಾಗಿ ನಿರ್ದೇಶಕ ಡಾ. ದುಂಡಪ್ಪ ತಿಳಿಸಿದ್ದರು.

ನೇತ್ರಾ ಆರಿಸಿಕೊಂಡ ಪ್ರಶ್ನೆ ಚಿಕ್ಕದು: ಗೋಂದು, ಕೊಬ್ಬರಿ, ಬೆಲ್ಲದ ಅಂಟಿನ ಉಂಡಿ ತಿಂದರೆ ಬಾಣಂತಿಗೆ ನಿಜಕ್ಕೂ ಶಕ್ತಿ ಬರುತ್ತದೆಯೇ? ಖಾನಾಪುರ ತಾಲ್ಲೂಕಿನ ಬಾಣಂತಿಯರ ಹೆಸರು ಬರೆದು ಚೀಟಿ ಎತ್ತುವುದು. ಅರ್ಧ ಜನ ಉಂಡಿಸಹಿತ ಗುಂಪು, ಉಳಿದರ್ಧ ಉಂಡಿರಹಿತ ಗುಂಪು. ಕಾಗದದ ಮೇಲೆ ಇದಕ್ಕಿಂತ ಸುಲಭದ ಕೆಲಸವಿಲ್ಲ. ಆದರೆ ಕಾಗದಕ್ಕೆ ಅತ್ತೆ ಇರುವುದಿಲ್ಲ.

"ಚೀಟ್ಯಾಗ ಹಂಗ ಬಂತಂತ ನನ್ನ ಸೊಸಿಗೆ ಉಂಡಿ ಕೊಡಬಾರದೇನ್ರೀ ಬಾಯಾರ?" ನಂದಗಡದ ಬಾಳವ್ವ ಡಬ್ಬಿಯ ಮುಚ್ಚಳ ತೆಗೆಯುತ್ತಲೇ ಕೇಳಿದರು.

"ಬರೇ ಎರಡು ತಿಂಗಳ ಮಟ್ಟಿಗೆ ರೀ. ವಿಜ್ಞಾನಕ್ಕ."

"ವಿಜ್ಞಾನ ಹಡದೈತೇನು? ಹಡದಾಕಿ ನನ್ನ ಸೊಸಿ. ನೀವೂ ಒಂದು ತಗೋರ್ರಿ."

ಸಂಶೋಧಕರು ಉಂಡಿ ಮುಟ್ಟುವಂತಿಲ್ಲ ಎಂದು ನೇತ್ರಾ ಕೈಮುಗಿದರು. ಜೊತೆಗೆ ಬಂದಿದ್ದ ಗುಮಾಸ್ತ ಜಹಾಂಗೀರ, ಈ ನಿಯಮ ಗುಮಾಸ್ತರಿಗೆ ಅನ್ವಯಿಸುವುದಿಲ್ಲವೆಂದು ತೀರ್ಮಾನಿಸಿ ಎರಡು ತಿಂದರು.

ಮನೆಮನೆಯಲ್ಲೂ ಇದೇ ಹಾಡು. ಸೊಸೆಗೆ ಅನ್ಯಾಯವಾಯಿತೆಂದು ಕನಿಕರಗೊಂಡ ಅತ್ತೆಯಂದಿರು, ಉಂಡಿರಹಿತ ಗುಂಪಿಗೇ ಹೆಚ್ಚು ಉಂಡಿ ತಿನ್ನಿಸಿದ್ದು ತೂಕದಲ್ಲಿ ಸಾಬೀತಾಯಿತು.

ವಿಷಯ ಕೇಂದ್ರದ ನೀತಿ ಸಮಿತಿಯ ಮುಂದೆ ಬಂತು. ಬಾಣಂತಿಗೆ ಉಂಡಿ ತಪ್ಪಿಸುವುದು ಅಮಾನುಷವಾದ್ದರಿಂದ, ಉಂಡಿರಹಿತ ಗುಂಪಿನಲ್ಲಿ ಬಾಣಂತಿಯರು ಇರತಕ್ಕದ್ದಲ್ಲ ಎಂದು ಸಮಿತಿ ನಿರ್ಣಯಿಸಿತು. ಆದರೆ ಉಂಡಿಯೊಂದನ್ನು ಬಿಟ್ಟು ಉಳಿದೆಲ್ಲ ಆರೈಕೆ ಎರಡೂ ಗುಂಪಿಗೆ ಸಮನಾಗಿರತಕ್ಕದ್ದು ಎಂದೂ ಸೇರಿಸಿತು.

"ಹಂಗಾರ ಹಡೀಲಾರದವರಿಗೆ ಬಾಣಂತನ ಮಾಡಬೇಕೇನ್ರೀ ಸರ್?" ನೇತ್ರಾ ಕೇಳಿದರು.

"ಮತ್ತೇನ್ರೀ? ಮಾರ್ಚ್ ಬಂತು," ಎಂದರು ದುಂಡಪ್ಪ.

ಮರುದಿನ ಸುತ್ತೋಲೆ ಹೊರಟಿತು: "ಪುರುಷ ಸಿಬ್ಬಂದಿ ಸೋಮವಾರದಿಂದ ಸಭಾಂಗಣದಲ್ಲಿ ಬಾಣಂತನಕ್ಕೆ ಹಾಜರಾಗತಕ್ಕದ್ದು. ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ ಕಡ್ಡಾಯ. ಹೆರಿಗೆಯ ದಾಖಲೆ ಇಲ್ಲದವರು ಸ್ವಯಂ ದೃಢೀಕರಣ ಸಲ್ಲಿಸಬಹುದು."

ಕೆಲಸ ಬಲ್ಲವರು ಬೇಕೆಂದು ನಂದಗಡದಿಂದ ಬಾಳವ್ವನನ್ನೇ ಬಾಣಂತನ ಸಲಹೆಗಾರ್ತಿಯಾಗಿ ಕರೆಸಲಾಯಿತು. ಹನ್ನೊಂದು ಹೊರಸು, ಅಡಿಯಲ್ಲಿ ಕೆಂಡ, ಮೇಲೆ ಲೋಬಾನದ ಹೊಗೆ. ಹುದ್ದೆಗೆ ತಕ್ಕಂತೆ ಕಿಟಕಿಯ ಬಳಿಯ ಹೊರಸು ನಿರ್ದೇಶಕರದು. ಎಣ್ಣೆ ತಿಕ್ಕಿ, ಕುದಿಯುವ ನೀರು ಸುರಿದ ಮೇಲೆ ದುಂಡಪ್ಪನವರಿಗೆ ನಿಜವಾಗಿಯೂ ನೋವು ಶುರುವಾಯಿತು.

"ತಾಯೀ, ನಡಾ ಹಿಡದೈತಿ."

"ಹಸಿ ಮೈ ರೀ ಸಾಹೇಬ್ರ, ಹಂಗ ಆಗ್ತದ. ಗಾಳಿಗೆ ಹೋಗಬ್ಯಾಡ್ರಿ."

ಹಸಿ ಮೈಯಲ್ಲಿ ಸಹಿ ಹಾಕಬಾರದೆಂದು ಕಡತಗಳು ನಿಂತವು. ಅದು ಹೊರಗಿನ ಯಾರ ಗಮನಕ್ಕೂ ಬರಲಿಲ್ಲ.

ಆದರೆ ನೇತ್ರಾ ದಿನವೂ ತೂಕ ನೋಡುತ್ತಿದ್ದರು. ಉಂಡಿರಹಿತ ಗುಂಪು ಒಂದೇ ಸಮ ಉಬ್ಬುತ್ತಿತ್ತು. ಸಂಶಯದಿಂದ ಜಹಾಂಗೀರನ ದಿಂಬು ಎತ್ತಿದರೆ ಉಂಡಿ! ಎಲ್ಲರ ದಿಂಬಿನಡಿಯಲ್ಲೂ ಉಂಡಿ.

"ಇಷ್ಟು ಮಂದಿ ಬಾಣಂತ್ಯಾರು ಹಸದು ಮಕ್ಕೊಂಡಿದ್ರ ನನ್ನ ಕೈ ಸುಮ್ನ ಇರ್ತಾವೇನ್ರೀ?" ಎಂದರು ಬಾಳವ್ವ.

ನೇತ್ರಾ ತೂಕದ ಯಂತ್ರದ ಮೇಲೆಯೇ ಕುಸಿದು ಕೂತರು. ಕಣ್ಣಲ್ಲಿ ಹತ್ತಿಯ ಉಂಡೆಗಳು ಸುಳಿದವು. "ಮುಗೀತ್ರೀ. ಉಂಡಿ ತಿನ್ನದಾಕಿ ಈಗ ನಾ ಒಬ್ಬಾಕೀನ ಉಳದೇನಿ."

"ಯಾಕ, ನಿಮಗ ಮಕ್ಕಳಿಲ್ಲೇನು?"

"ಒಬ್ಬಾಕಿ ಅದಾಳ್ರೀ. ಅಕಿ ಹುಟ್ಟಿದ ಹನ್ನೆರಡನೇ ದಿನಕ್ಕ ಆಫೀಸಿಗೆ ಬಂದಿದ್ದೆ. ವರದಿ ಬರೀಬೇಕಿತ್ತು."

"ಎಂಥಾ ವರದಿ?"

"ಬಾಣಂತಿಗೆ ವಿಶ್ರಾಂತಿ ಯಾಕ ಬೇಕು ಅಂತ."

ಬಾಳವ್ವ ನೆಟ್ಟಗೆ ಕಿಟಕಿಯ ಬಳಿ ಹೋಗಿ ನಿರ್ದೇಶಕರನ್ನು ಎಬ್ಬಿಸಿದರು. ಅವರ ತಲೆಯ ಸ್ಕಾರ್ಫನ್ನೇ ಬಿಚ್ಚಿ ನೇತ್ರಾಗೆ ಕಟ್ಟಿ, ಮಲಗಿಸಿ, ಉಂಡಿಯನ್ನು ಮುರಿದು ಬಾಯಿಗಿಟ್ಟರು. ನೇತ್ರಾ ಅಳುತ್ತ ತಿಂದರು, ಇನ್ನೊಂದು ಕೇಳಿ ತಿಂದರು.

ವರದಿಯನ್ನು ಜಹಾಂಗೀರ ಪೂರ್ಣಗೊಳಿಸಿದರು: "ಉಂಡಿ ತಿನ್ನದವರು ಯಾರೂ ಲಭ್ಯವಿಲ್ಲದ ಕಾರಣ, ಉಂಡಿ ತಿನ್ನದೆ ಮನುಷ್ಯ ಬದುಕಬಲ್ಲನೆಂಬುದಕ್ಕೆ ಪುರಾವೆ ಇರುವುದಿಲ್ಲ." ಮೇಲಿನವರು ಮೆಚ್ಚಿದರು. ವಿಭಾಗ ಉಳಿಯಿತು. ಪುರುಷರ ಬಾಣಂತನವನ್ನು ವಾರ್ಷಿಕ ಕಾರ್ಯಕ್ರಮವನ್ನಾಗಿ ಮಾಡಲಾಯಿತು.

ಒಂದು ತೊಡಕು ಉಳಿಯಿತು. ಕಿಟಕಿಯ ಹೊರಸಿನಲ್ಲೇ ಉಳಿದಿದ್ದ ನೇತ್ರಾ, ಮಲಗಿದವರಲ್ಲಿ ಒಬ್ಬರೇ ನಿಜವಾಗಿ ಹೆತ್ತವರಾದ್ದರಿಂದ, ಅವರ ಹೆರಿಗೆ ರಜೆಗೆ ಮಗುವನ್ನು ಹಾಜರುಪಡಿಸುವುದು ಕಡ್ಡಾಯವಾಗಿತ್ತು. ರಾಮತೀರ್ಥ ನಗರದಿಂದ ಮಗಳು ಸೃಷ್ಟಿ, ಬಿ.ಕಾಂ. ಎರಡನೇ ವರ್ಷ, ಸ್ಕೂಟರ್ ಮೇಲೆ ಬಂದಳು. ಸಮಿತಿಯು ಮಗುವನ್ನು ಪರಿಶೀಲಿಸಿ, ತೂಕ ಐವತ್ತೆರಡು ಕಿಲೋ, ಬೆಳವಣಿಗೆ ತೃಪ್ತಿಕರ ಎಂದು ದಾಖಲಿಸಿತು. ಪೋಲಿಯೊದ ಎರಡು ಹನಿ ಹಾಕಲಾಯಿತು. ಬಾಳವ್ವ ತಲೆಗೆ ಕೂಸಿನ ಕುಂಚಿಗೆ ಕಟ್ಟಿ, ಅವ್ವನ ಬಾಜೂಕ ಮಲಗಲು ಹೇಳಿದರು.

ಸೃಷ್ಟಿ ಸ್ಕೂಟರಿನ ಕೀಲಿ ಬದಿಗಿಟ್ಟು ಮಲಗಿದಳು. ನೇತ್ರಾಗೆ ಎಚ್ಚರವಾಗಲಿಲ್ಲ. ಮಗುವೂ ಅಳಲಿಲ್ಲ.