ಐದು ಕಲೆ, ಹದಿನೆಂಟು ಮದ್ದು

ತಂಗಮ್ಮ: ಐದಾ? ನಿನ್ನ ಕಣ್ಣು ಸರಿ ಉಂಟಾ ಯಮುನಾ? ಆಟಿಸೊಪ್ಪಿನಲ್ಲಿ ಹದಿನೆಂಟು ಮದ್ದು! ನನ್ನಜ್ಜಿ ಹೇಳಿದ್ದು.

ಯಮುನ: ಅಜ್ಜಿ ಎಣಿಸಿದ್ರಾ ಅಮ್ಮ? ನಾನು ಎಣಿಸಿದ್ದೇನೆ.

ಮೈಸೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವ ಮಗಳು ಕಾಗದದ ಪಟ್ಟಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಮೇಲೆ ಐದೇ ಐದು ಕಲೆ. ಅಪ್ಪ ಮಾಯಿಲಪ್ಪನಿಗೆ ಒಳಗೊಳಗೇ ಹಬ್ಬ. ಅಂದು ಆಟಿ ತಿಂಗಳ ಹದಿನೆಂಟು, ಕೊಡಗಿನ ಮನೆಮನೆಯಲ್ಲೂ ಈ ಮದ್ದಿನ ಸೊಪ್ಪು ಉಣ್ಣುವ ದಿನ. ಒಲೆಯ ಮೇಲೆ ಆ ಸೊಪ್ಪಿನದೇ ನೇರಳೆ ಬಣ್ಣದ ಪಾಯಸ ಕುದಿಯುತ್ತಿತ್ತು. ಅದರ ವಾಸನೆ ಬಡಿದರೇ ಅವನು ಮೂಗು ಮುಚ್ಚುತ್ತಾನೆ. ವಿಜ್ಞಾನ ಕೈಹಿಡಿದರೆ ಈ ವರ್ಷ ಬಚಾವು!

ಮಾಯಿಲಪ್ಪ: ಹೇಗೆ ಎಣಿಸಿದ್ದು, ಅಮ್ಮನಿಗೆ ಬಿಡಿಸಿ ಹೇಳು ಮಗಾ.

ಯಮುನ: ಸೊಪ್ಪಿನ ರಸ ಒಂದು ತೊಟ್ಟು ಕಾಗದಕ್ಕಿಟ್ಟು, ತುದಿಯನ್ನು ದ್ರಾವಣದಲ್ಲಿ ಅದ್ದಿ ನಿಲ್ಲಿಸಿದ್ದು. ರಸ ಮೇಲೆ ಹತ್ತುವಾಗ ಒಂದೊಂದು ವಸ್ತು ಒಂದೊಂದು ಕಡೆ ನಿಲ್ತದೆ. ಅದು ಕ್ರೊಮಟೊಗ್ರಫಿ. ಆಮೇಲೆ ಒಂದೊಂದೇ ಕಲೆ ಕತ್ತರಿಸಿ, ಕರಗಿಸಿ, ಬೆಳಕು ಹಾಯಿಸಿದ್ದು. ಯಾವುದು ಯಾವ ಬೆಳಕನ್ನು ನುಂಗ್ತದೆ ಅಂತ ಸ್ಪೆಕ್ಟ್ರೋಮೀಟರ್ ಹೇಳ್ತದೆ. ಅದೇ ಗುರುತು.

ತಂಗಮ್ಮ: ಉಳಿದ ಹದಿಮೂರು ಹತ್ತಲಾರದೆ ಕೆಳಗೇ ಕೂತಿರಬಹುದು. ಮದ್ದಿಗೆ ಮಂಡಿನೋವು ಬರಬಾರದಾ?

ಮಾಯಿಲಪ್ಪ: ಕೊಡಗೇ ಮೈಸೂರು ರಾಜ್ಯಕ್ಕೆ ಸೇರಿ ಆಯ್ತು, ಇನ್ನು ಸೊಪ್ಪಿನದ್ದೆಂತ? ಮೈಸೂರು ಐದು ಅಂದ್ರೆ ಐದು. ಐದು ಮದ್ದಿಗೆ ಒಂದು ಬಟ್ಟಲು ಯಾಕೆ? ಒಂದು ಚಮಚ ಸಾಕು.

ತಂಗಮ್ಮನ ಸೌಟು ನಿಂತಿತು.

ತಂಗಮ್ಮ: ಸೊಪ್ಪು ಕೊಯ್ದದ್ದು ಯಾವತ್ತು?

ಯಮುನ: ಹೋದ ಸಲ ಬಂದಾಗ. ಆಟಿ... ಐದಕ್ಕೆ.

ತಂಗಮ್ಮ: ಮತ್ತೆ! ಆಟಿಯಲ್ಲಿ ದಿನಕ್ಕೊಂದು ಮದ್ದು ಸೊಪ್ಪಿಗೆ ಸೇರ್ತದೆ. ಐದಕ್ಕೆ ಐದು, ಹದಿನೆಂಟಕ್ಕೆ ಹದಿನೆಂಟು. ನಿನ್ನ ಯಂತ್ರ ಭಾರೀ ಸತ್ಯವಂತ ಮಗಾ!

ಓದಿದ ಮಗಳು ಪಟ್ಟಿಯನ್ನು ಮಡಚಿ ಇಟ್ಟಳು. ಮಾಯಿಲಪ್ಪನ ಮುಖ ಸಣ್ಣದಾಯಿತು. ಆದರೂ ಬಿಡುವ ಆಸಾಮಿಯೇ?

ಮಾಯಿಲಪ್ಪ: ಹಾಗಾದ್ರೆ ನಾಳೆಗೆ ಹತ್ತೊಂಬತ್ತು! ನಾಳೆಯೇ ಕುಡೀತೇನೆ.

ತಂಗಮ್ಮ: ಹೋದ ವರ್ಷ ಬಾಳೆಬುಡಕ್ಕೆ ಸುರಿದವರ ಮಾತು ಬೇಡ. ಕುಡಿದವರಿಗೆ ಮಾರನೇ ದಿನ ಮೂತ್ರ ಕೆಂಪಾಗ್ತದೆ, ನೆನಪಿರಲಿ.

ಮಾಯಿಲಪ್ಪ: ಅದನ್ನು ನೋಡ್ಲಿಕ್ಕೆ ನೀನು ಹಿಂದೆ ಬರ್ತೀಯಾ?

ಯಮುನ ಚೀಲದಿಂದ ಬಿರಡೆಯ ಸೀಸೆಯೊಂದನ್ನು ತೆಗೆದಳು.

ಯಮುನ: ಬೇಡ ಅಪ್ಪ. ಬೆಳಿಗ್ಗೆ ಇದರಲ್ಲಿ ಹಿಡಿದು ಕೊಡಿ. ಒಳಗೆ ಹೋದ ಮದ್ದು ಎಷ್ಟು ಹೊರಗೆ ಬರ್ತದೆ, ಅದನ್ನೂ ಕಾಗದ ಹತ್ತಿಸಿ ನೋಡ್ತೇನೆ.

ಒಂದು ಕೈಯಲ್ಲಿ ತಂಗಮ್ಮ ತುಂಬಿಕೊಟ್ಟ ಬಟ್ಟಲು, ಇನ್ನೊಂದರಲ್ಲಿ ಖಾಲಿ ಸೀಸೆ. ಮಾಯಿಲಪ್ಪ ಕಣ್ಣುಮುಚ್ಚಿದ.

ಮಾಯಿಲಪ್ಪ: ಆಯ್ತು ಮಾರಾಯ್ತಿ. ಕುಡಿದದ್ದರ ಲೆಕ್ಕ ತಾಯಿಗೆ, ಬಿಟ್ಟದ್ದರ ಲೆಕ್ಕ ಮಗಳಿಗೆ. ನಡುವೆ ನಾನೊಂದು ಕಾಗದದ ಪಟ್ಟಿ!