ಬೀಗತಿ ನೀರಿನ ಪರೀಕ್ಷೆಗೆ ಬಂದದ್ದು

ನಗುವಂಥ ಸಂಗತಿಗಳನ್ನು ನಾನು ಹುಡುಕಿಕೊಂಡು ಹೋದವಳಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂತರೆ ಅವೇ ನಮ್ಮ ಮನೆಯ ದಾರಿ ಕೇಳಿಕೊಂಡು ಬರುತ್ತವೆ. ಅದರಲ್ಲೂ ಮನೆಗೆ ನೀರಿನ ಮಶಿನ್ ತರಬೇಕೆಂದು ಹೊರಟ ಆ ಒಂದು ತಿಂಗಳಲ್ಲಿ ಬಂದಷ್ಟು ಮತ್ತೆಂದೂ ಬಂದಿಲ್ಲ.

ನಾನು ಹುಟ್ಟಿ ಬೆಳೆದದ್ದು ನಿಪ್ಪಾಣಿ. ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತೆ. ಚುರಮುರಿ ಕಟ್ಟಿಕೊಟ್ಟ ಕಾಗದಗಳನ್ನು ಓದಿ ಓದಿಯೇ ಅಕ್ಷರ ಗಟ್ಟಿ ಮಾಡಿಕೊಂಡೆ. ಚಿಕ್ಕೋಡಿಗೆ ಸೊಸೆಯಾಗಿ ಬಂದ ಮೇಲೆ ಒಂದು ಒಲೆ, ಒಂದು ಹಂಚು ಇಟ್ಟುಕೊಂಡು ರೊಟ್ಟಿ ಮಾರಲು ಶುರು ಮಾಡಿದೆ. ಇವತ್ತು ಆರು ಜನ ಹೆಂಗಸರು ನನ್ನ ಜೊತೆ ಕೆಲಸ ಮಾಡುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಬಕ್ಕೂ ಹೌದು. "ನಿನ್ನಿಂದ ಆಗೂದಿಲ್ಲ" ಎಂದು ಯಾರಾದರೂ ಅಂದರೆ, ಅದು ಆಗುವ ತನಕ ನನಗೆ ಊಟ ರುಚಿಸುವುದಿಲ್ಲ. ಇಷ್ಟು ತಿಳಿದಿದ್ದರೆ ಸಾಕು.

ಕುಬಸದ ಊಟದಲ್ಲಿ ಎದ್ದ ಮಾತು

ಮಗಳನ್ನು ಅಥಣಿಗೆ ಕೊಟ್ಟಿದ್ದೇವೆ. ಅವಳಿಗೆ ಏಳು ತಿಂಗಳಾದಾಗ ಕುಬಸದ, ಅಂದರೆ ಸೀಮಂತದ ಕಾರ್ಯಕ್ಕೆ ನಾನು, ಯಜಮಾನರು, ನನ್ನ ಅತ್ತೆಯವರು ಮೂವರೂ ಹೋಗಿದ್ದೆವು. ಚೊಚ್ಚಲ ಬಾಣಂತನ ತವರಿನದು. ಅವಳನ್ನು ಯಾವಾಗ ಕರೆದೊಯ್ಯುವುದೆಂದು ಊಟಕ್ಕೆ ಕೂತಾಗ ಕೇಳಿದೆ. ಅವಳ ಅತ್ತೆ, ಅಂದರೆ ನನ್ನ ಬೀಗತಿ, ಹೋಳಿಗೆಗೆ ತುಪ್ಪ ಸುರಿಯುತ್ತಲೇ ತಡೆದರು.

"ಕಳಸ್ತೇನ್ರಿ, ಯಾಕ ಕಳಸಂಗಿಲ್ಲ? ಆದ್ರ ನಿಮ್ಮ ಬೋರಿನ ನೀರು ಭಾಳ ಉಪ್ಪು. ಹ್ವಾದ ದೀಪಾವಳಿಗೆ ಬಂದು ಕುಡದು ಎಂಟ ದಿನ ಹೊಟ್ಟಿ ಹಿಡ್ಕೊಂಡು ಅಡ್ಡಾಡೇನಿ. ನಮ್ಮಲ್ಲೆ ಮೂರು ವರ್ಷದಿಂದ ಮಶಿನ್ನಿನ ನೀರ. ಬಸರಿ ಹೆಂಗಸನ್ನ ಅಂಥಾ ನೀರಿಗೆ ಹೆಂಗ ಕಳಸೂದು? ಬಾಣಂತನ ಇಲ್ಲೇ ಆಗಲಿ ಬಿಡ್ರಿ."

ಆಮೇಲೆ ಮನೆಯ ವರ್ಣನೆ ಶುರುವಾಯಿತು. ಮಗನ ಪಗಾರ, ಹೊಸ ಸೋಫಾ, ಕೊನೆಗೆ ಎಮ್ಮೆ. "ಮನಿಯೊಳಗ ಎಲ್ಲಾರಿಗೂ ಏನರೆ ಒಂದು ಜಡ್ಡು ಇದ್ದದ್ದರಿ. ಆದ್ರ ನಮ್ಮ ಎಮ್ಮಿ ಮೂರು ವರ್ಷದಾಗ ಒಂದ ದಿನ ಮಲಗಿಲ್ಲ!"

ಎಮ್ಮೆಯ ಆರೋಗ್ಯ ನನಗೇಕೆ? ನನ್ನ ಕಿವಿಯಲ್ಲಿ ಉಳಿದದ್ದು "ಇಲ್ಲೇ ಆಗಲಿ" ಎಂಬ ಮಾತು. ಚೊಚ್ಚಲಕ್ಕೆ ಮಗಳನ್ನು ಕರೆತರಲು ಆಗಲಿಲ್ಲ, ಮನೆಯಲ್ಲಿ ಕುಡಿಯುವ ನೀರಿಲ್ಲ ಎಂದು ನಾಲ್ಕು ಜನ ಅನ್ನಬೇಕೇ?

"ಒಂದ ತಿಂಗಳ ಬಿಟ್ಟು ಬರ್ರಿ. ನೀರ ಕುಡದ ನೋಡ್ರಿ. ಆಮ್ಯಾಲ ಹೇಳ್ರಿ" ಅಂದೆ.

"ಬರ್ತೇನಿ. ಕುಡದ ನೋಡೇ ಹೇಳ್ತೇನಿ" ಅಂದರು ಬೀಗತಿ.

ಬಸ್ಸಿನಲ್ಲಿ ನಮ್ಮ ಯಜಮಾನರು ಮೆಲ್ಲಗೆ ಅಂದರು: "ಪರೀಕ್ಷಾಕ್ಕ ಅಂಜಿ ಶಾಲಿ ಬಿಟ್ಟಾಕಿ ನೀನು. ಈಗ ನೋಡು, ಪರೀಕ್ಷಾನ ಮನಿ ಹುಡುಕ್ಕೊಂಡ ಬಂತು."

ಓಣಿಗೇ ಮೊದಲ ನಂಬರು

ಯಾವ ಮಶಿನ್ ಬೇಕೆಂದು ತಿಳಿಯಲು ಮೊದಲು ನೀರನ್ನು ಅಳೆಯಬೇಕಂತೆ. ಚಿಕ್ಕೋಡಿಯ ಅಂಗಡಿಯಿಂದ ಒಬ್ಬ ಮೆಕ್ಯಾನಿಕ್ ಬಂದ. ಜ್ವರ ನೋಡುವ ಕಡ್ಡಿಯಂಥ ಒಂದು ಮೀಟರನ್ನು ನಮ್ಮ ತಂಬಿಗೆಯಲ್ಲಿ ಅದ್ದಿದ. ಎಂಟುನೂರ ಎಪ್ಪತ್ತು ಎಂದು ತೋರಿಸಿತು. ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ತಂತಮ್ಮ ತಂಬಿಗೆ ಹಿಡಿದು ಸಾಲು ಹಚ್ಚಿದರು. ಮೂಲೆಮನೆಯ ಅಜ್ಜಿಯ ನೀರಿಗೆ ಒಂಬೈನೂರ ನಲವತ್ತು ಬಂತು.

ಅಜ್ಜಿ ತಂಬಿಗೆಯನ್ನು ತಲೆಯ ಮಟ್ಟಕ್ಕೆ ಎತ್ತಿದಳು. "ನೋಡಿದ್ರೇನ್ರಬೇ? ನಮ್ಮ ಮನ್ಯಾಗ ಹುಟ್ಟಿದ ಒಂದು ಕೂಸಿಗೂ ಇಷ್ಟು ಮಾರ್ಕು ಬಿದ್ದಿಲ್ಲ!"

ಸುಳ್ಳು ಹೇಳುವುದಿಲ್ಲ, ನನಗೆ ಹೊಟ್ಟೆ ಉರಿಯಿತು. ಆರು ಜನರಿಗೆ ಕೆಲಸ ಕೊಟ್ಟವಳು ನಾನು, ಮೂಲೆಮನೆಗಿಂತ ಎಪ್ಪತ್ತು ಕಡಿಮೆಯೇ? ಒಳಗೆ ಹೋಗಿ ಬೇರೆ ಕೊಡದ ನೀರು ತಂದು, "ಇನ್ನೊಮ್ಮೆ ನೋಡಪಾ, ಅದು ನಿನ್ನಿ ತುಂಬಿದ್ದು" ಅಂದೆ.

ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಅಕ್ಕಾರ, ಇದು ನೀರಾಗ ಕರಗಿದ ಉಪ್ಪಿನ ಲೆಕ್ಕ. ಎಷ್ಟು ಹೆಚ್ಚು ಬಂತೋ ನೀರು ಅಷ್ಟು ಗಡಸು."

ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ತಂಬಿಗೆಯನ್ನು ಸೆರಗಿನ ಮರೆಗೆ ಸರಿಸಿದರು. ಅಜ್ಜಿ ಮಾತ್ರ ತಂಬಿಗೆ ಕೆಳಗಿಳಿಸಲಿಲ್ಲ. "ಅದೇನರೆ ಇರಲಿ. ಮೊದಲ ನಂಬರ್ ನಮ್ದ ಬಂತೋ ಇಲ್ಲೋ, ಅದನ್ನ ಹೇಳು."

ಅಟ್ಟದಿಂದ ಇಳಿದದ್ದು

"ಇದಕ್ಕೆಲ್ಲ ಮಶಿನ್ ಯಾಕ? ನಮ್ಮ ಮದವಿಯೊಳಗ ಬಂದ ಸ್ಟೀಲಿನ ಫಿಲ್ಟರ್ ಐತಲ್ಲ" ಎಂದರು ಯಜಮಾನರು. ಒಳಗೆ ಬಿಳಿ ಕ್ಯಾಂಡಲ್ ಇರುವ, ಒಂದರ ಮೇಲೊಂದು ಕೂರುವ ಎರಡು ಡಬ್ಬಿಗಳ ಫಿಲ್ಟರ್ ಅದು. ಮಣ್ಣು, ಕೆಸರು ಹಿಡಿಯುತ್ತದೆ. ಉಪ್ಪನ್ನು ಹಿಡಿಯುವುದಿಲ್ಲ ಎಂದು ನಾನು ಓದಿದ್ದನ್ನು ಹೇಳಿದೆ. ಕೇಳಲಿಲ್ಲ. ಅಟ್ಟ ಹತ್ತಿ ಇಳಿಸಿ, ತಿಕ್ಕಿ, ನೀರು ತುಂಬಿ, ಮುಂದೆ ಕೂತು ಕಾದರು. ಒಂದು ಲೋಟ ಕುಡಿದರು. ಲೋಟವನ್ನು ನನ್ನ ಕೈಗಿಟ್ಟರು.

ನಾನೂ ಕುಡಿದೆ. ಉಪ್ಪು ಇದ್ದಷ್ಟೇ ಇತ್ತು, ಜೊತೆಗೆ ಬೆಳ್ಳುಳ್ಳಿಯ ಘಾಟು. ಆ ಡಬ್ಬಿಯಲ್ಲಿ ನಾನು ಇಪ್ಪತ್ತು ವರ್ಷ ಶೇಂಗಾ ಚಟ್ನಿ ತುಂಬಿಟ್ಟಿದ್ದೆ.

ಅತ್ತೆಯವರು ಒಂದು ಗುಟುಕು ಕುಡಿದು ಅಂದರು: "ಛಲೋ ಐತಿ. ಎರಡು ರೊಟ್ಟಿ ಕೊಡು, ಊಟಾನ ಆಗ್ತೈತಿ."

ಕಡ್ಡಿಯ ಮಾಟ

ಸುದ್ದಿ ನಿಪ್ಪಾಣಿಗೂ ಮುಟ್ಟಿತೋ ಏನೋ, ಅಲ್ಲಿಂದ ಟೈ ಕಟ್ಟಿಕೊಂಡ ಒಬ್ಬ ಮಾರುವವ ಬಂದ. ಎರಡು ಗ್ಲಾಸು ಇಟ್ಟ. ಒಂದರಲ್ಲಿ ನಮ್ಮ ಮನೆಯ ನೀರು, ಇನ್ನೊಂದರಲ್ಲಿ ಅವನ ಮಶಿನ್ನಿನ ನೀರು. ಎರಡರಲ್ಲೂ ಲೋಹದ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟ. ನೋಡನೋಡುತ್ತಿದ್ದಂತೆ ನಮ್ಮ ನೀರು ಗಟಾರದಂತೆ ಕೆಂಪು ಕಂದು ಬಣ್ಣಕ್ಕೆ ತಿರುಗಿತು, ಮೇಲೆ ನೊರೆ ತೇಲಿತು. ಅವನ ನೀರು ತಿಳಿಯಾಗಿಯೇ ಇತ್ತು.

"ಇದನ್ನ ನೀವು ದಿನಾ ಕುಡಿಯಾಕತ್ತೀರಿ!" ಎಂದ. ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಬಾಯಿಗೆ ಸೆರಗು ಹಚ್ಚಿದರು. ಮೂಲೆಮನೆಯ ಅಜ್ಜಿ ಹೊಟ್ಟೆ ಮುಟ್ಟಿ ನೋಡಿಕೊಂಡಳು.

ನಾನು ಕಡ್ಡಿಯನ್ನೇ ನೋಡುತ್ತಿದ್ದೆ. "ಇದು ಕಬ್ಬಿಣದ್ದೇನು?"

"ಹೌದ್ರಿ."

ಮೂವತ್ತು ವರ್ಷ ಕಬ್ಬಿಣದ ಹಂಚಿನ ಜೊತೆ ಬದುಕಿದವಳು ನಾನು. ಉಪ್ಪಿನ ಕೈಯಲ್ಲಿ ಮುಟ್ಟಿದ ಹಂಚು ಮರುದಿನ ಯಾವ ಬಣ್ಣಕ್ಕೆ ತಿರುಗುತ್ತದೆಂದು ನನಗೆ ಗೊತ್ತಿಲ್ಲವೇ? ಹೊಲಸು ನೀರಿನದಲ್ಲ, ಉಪ್ಪು ತಾಗಿ ಕಡ್ಡಿ ಬಿಟ್ಟ ತುಕ್ಕು ಅನ್ನಿಸಿತು. ಒಂದು ಚಿಟಿಕೆ ಉಪ್ಪು ತಂದು ಅವನ ಶುದ್ಧ ಗ್ಲಾಸಿಗೆ ಹಾಕಲು ಕೈ ಚಾಚಿದೆ.

ಅವನ ಕನ್ನಡ ಅಲ್ಲಿಗೇ ಮುಗಿಯಿತು. "ಅಹೋ ತಾಯಿ, ಮೀಠ ನಕಾ ಟಾಕೂ!" ಉಪ್ಪು ಹಾಕಬೇಡಿ ಎಂದು ಮರಾಠಿಯಲ್ಲಿ ಕೂಗಿದ. ಹಾಕಿಬಿಟ್ಟಿದ್ದೆ. "ಆತಾ ಬಟನ್ ದಾಬಾ", ಈಗ ಬಟನ್ ಒತ್ತು ಎಂದು ಅವನ ಮರಾಠಿಯಲ್ಲೇ ಹೇಳಿ, ನಾನೇ ಒತ್ತಿದೆ. ಅವನ ನೀರು ನಮ್ಮ ನೀರಿಗಿಂತ ಕೆಂಪಾಯಿತು.

ಅವನು ಗ್ಲಾಸು ಒರೆಸದೆಯೇ ಚೀಲಕ್ಕೆ ತುಂಬತೊಡಗಿದ. ಅಜ್ಜಿಗೆ ಕನಿಕರ ಬಂತು. "ಹೊಳ್ಳಿ ಹ್ವಾಗಾಕ ದೂರ ಐತಿ, ಒಂದ ಗ್ಲಾಸು ನೀರ ಕುಡದು ಹೋಗಪಾ. ಯಾವ್ದು ಕೊಡ್ಲಿ?"

ಮಶಿನ್ನಿನ ಮೊದಲ ನೀರು

ಕೊನೆಗೆ ನಾನೇ ನಾಲ್ಕು ಅಂಗಡಿಗಳ ಪುಸ್ತಿಕೆ ತಂದು ಓದಿ ತೀರ್ಮಾನ ಮಾಡಿದೆ. ನಳಕ್ಕೆ ಬರುವ ಹೊಳೆಯ ನೀರಿನಲ್ಲಿ ಉಪ್ಪಿಲ್ಲ. ಅದೊಂದೇ ಆಗಿದ್ದರೆ ಸೋಸಿ, ದೀಪದ ಬೆಳಕಿನಿಂದ ಕ್ರಿಮಿ ಕೊಲ್ಲುವ ಮಶಿನ್ ಸಾಕಿತ್ತು. ಆದರೆ ನಳ ಬರುವುದು ಯಾವಾಗಲೋ ಒಮ್ಮೆ, ನಮ್ಮ ಟಾಕಿ ತುಂಬುವುದು ಬೋರಿನಿಂದ. ಬೋರಿನ ಉಪ್ಪು ದೀಪಕ್ಕೆ ಬಗ್ಗುವುದಿಲ್ಲ. ಅದಕ್ಕೆ ಆರ್‌ಓ ಮಶಿನ್ನೇ ಬೇಕು.

ಮೀಟರ್ ತಂದಿದ್ದ ಮೆಕ್ಯಾನಿಕ್ಕೇ ಬಂದು ಅಡುಗೆಮನೆಯ ಗೋಡೆಗೆ ಕೂರಿಸಿದ. ಅತ್ತೆಯವರು ಅದಕ್ಕೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದರು. ಮೊದಲ ಟಾಕಿಯ ನೀರನ್ನು ಚೆಲ್ಲಿಬಿಡಿ ಎಂದು ಮೆಕ್ಯಾನಿಕ್ ಹೇಳಿದ.

"ಮೊದಲ ನೀರು ಚೆಲ್ತಾರೇನೋ, ಬುದ್ಧಿಗೇಡಿ!" ಎಂದು ಅತ್ತೆಯವರು ಅದನ್ನು ಬಕೆಟ್ಟಿಗೆ ಹಿಡಿದು ಹಿತ್ತಲಿನ ನಮ್ಮ ಎಮ್ಮೆಯ ಮುಂದಿಟ್ಟರು. ಎಮ್ಮೆ ಮೂಸಿತು. ಅತ್ತೆಯವರ ಮುಖ ನೋಡಿತು. ಆಮೇಲೆ ಬೋರಿನ ನೀರಿದ್ದ ತನ್ನ ಹಳೆಯ ಬಾನಿಗೆ ಹೋಗಿ ಬಾಯಿ ಹಾಕಿತು.

"ಎಮ್ಮಿನ ಒಲ್ಲೆ ಅಂತು. ಮುಂದ ನಿಮ್ಮ ಹಣೇಬರಾ" ಎಂದರು ಅತ್ತೆಯವರು.

ಪರೀಕ್ಷೆಯ ದಿನ

ನನಗೆ ಬೆಳಗ್ಗೆ ಒಲೆಯ ಮುಂದಿನಿಂದ ಏಳಲು ಪುರಸೊತ್ತಿಲ್ಲ. ಜಳಕ ಮಾಡಿ ಮಡಿಯಲ್ಲಿ ಕುಡಿಯುವ ನೀರು ತುಂಬುವುದು ಮೊದಲಿನಿಂದಲೂ ಅತ್ತೆಯವರ ಕೆಲಸ. ಅವರು ತುಂಬಿಟ್ಟ ನೀರನ್ನು ನಾನು ದಿನವೂ ಕುಡಿದು, "ನೋಡ್ರಿ, ಎಷ್ಟು ಹಗುರ ಆತು ನೀರು!" ಎಂದು ಆರು ದಿನ ಮನೆಮಂದಿಗೆಲ್ಲ ಹೇಳಿದೆ. ಯಜಮಾನರು ಒಮ್ಮೆ "ಉಪ್ಪು ಹೆಚ್ಚಾಗೇತಿ ಅನಸ್ತೈತಿ" ಅಂದರು. "ನಿಮ್ಮ ನಾಲಿಗಿಗೆ ಇನ್ನೂ ಚಟ್ನಿ ಡಬ್ಬಿ ರುಚಿ ಹತ್ತೇತಿ" ಎಂದು ಬಾಯಿ ಮುಚ್ಚಿಸಿದೆ.

ಏಳನೇ ದಿನ ಬೀಗತಿ ಬಂದರು. ಪಡಸಾಲೆಯಲ್ಲಿ ಕೂರಿಸಿ, ನಮ್ಮ ಕಡೆಯ ಪದ್ಧತಿಯಂತೆ ನೀರು, ಬೆಲ್ಲ ತಂದಿಟ್ಟೆ. ಅವರು ಬೆಲ್ಲದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಬೆಲ್ಲ ಬ್ಯಾಡ್ರಿ, ನೀರಿನ ರುಚಿ ತಿಳಿಯಂಗಿಲ್ಲ."

ಬಂದವರು ಬೆಲ್ಲ ಸರಿಸಿದ್ದನ್ನು ನಮ್ಮ ಮನೆಯಲ್ಲಿ ನಾನು ಕಂಡದ್ದು ಅದೇ ಮೊದಲು. ಬೀಗತಿ ಒಂದು ಗುಟುಕು ಕುಡಿದರು. ಬಾಯಲ್ಲೇ ಹೊರಳಿಸಿದರು. ಕಣ್ಣು ಮುಚ್ಚಿದರು. ಆಮೇಲೆ ಇಡೀ ತಂಬಿಗೆ ಎತ್ತಿ ಗಟಗಟ ಮುಗಿಸಿದರು.

"ಥೇಟ್ ನಮ್ಮ ಮನಿ ನೀರಿನ ರುಚಿ! ಮಶಿನ್ ಅಂದ್ರ ಇದು. ನಾಳೆನ ಬಂದು ಮಗಳನ್ನ ಕರ್ಕೊಂಡ ಹೋಗ್ರಿ."

ತಿಂಗಳಿಂದ ಎದೆಯ ಮೇಲಿದ್ದ ಬೀಸುಕಲ್ಲು ಇಳಿಯಿತು. ನಾನೇ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡೆ. "ಇನ್ನೊಂದು ತಂಬಿಗಿ ಕೊಡ್ರಿ" ಎಂದು ಬೀಗತಿ ಕೇಳಿದರು. ಅತ್ತೆಯವರು ಎದ್ದರು. ನಡೆದದ್ದು ಮಾತ್ರ ಅಡುಗೆಮನೆಗಲ್ಲ, ಹಿತ್ತಲಿಗೆ.

ನಾನು ಹಿಂದೆಯೇ ಓಡಿದೆ. ಮಶಿನ್ ತೆಗೆದ ಉಪ್ಪನ್ನೆಲ್ಲ ಹೊತ್ತು ಹೊರಗೆ ಹೋಗುವ ನೀರಿಗೆ ಮೆಕ್ಯಾನಿಕ್ ಒಂದು ಪೈಪು ಹಿತ್ತಲಿಗೆ ಬಿಟ್ಟಿದ್ದ. ಕೆಳಗೆ ಬಕೆಟ್ ಇಟ್ಟು, ನೆಲ ಒರೆಸಲು ಬಳಸಿ ಎಂದಿದ್ದ. ಅತ್ತೆಯವರು ಆ ಬಕೆಟ್ಟಿನ ಬಾಯಿಗೆ ಮಡಿಬಟ್ಟೆ ಕಟ್ಟಿ, ಅದರಿಂದಲೇ ತಂಬಿಗೆ ತುಂಬುತ್ತಿದ್ದರು.

"ಅತ್ತೀ! ಅದು ಹೊಲಸು ನೀರ್ರಿ! ಕುಡಿಯೂದು ಒಳಗ ಸಣ್ಣ ನಳದಾಗ ಬರೂದು!"

"ಆ ನಳದಾಗ ಬರೂದೇ ಹನಿಹನಿ" ಎಂದರು ಅತ್ತೆಯವರು, ತಂಬಿಗೆ ತುಂಬುತ್ತಲೇ. "ಇಲ್ಲಿ ದಬದಬ ಬೀಳ್ತೈತಿ. ಹೊಲಸು ಸ್ವಲ್ಪ ಇರತೈತಿ, ನೀರು ಭಾಳ ಇರತೈತಿ. ಸಾಲಿ ಕಲೀದ ನನಗ ತಿಳೀತು, ನಿನಗ ತಿಳೀಲಿಲ್ಲ?"

ತಿರುಗಿ ನೋಡಿದರೆ ಬಾಗಿಲಲ್ಲಿ ಬೀಗತಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಹೋಯಿತು, ಮಗಳ ಬಾಣಂತನ ಅಥಣಿಗೇ ಹೋಯಿತು ಅಂದುಕೊಂಡೆ. ಆದರೆ ಬೀಗತಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಬಣ್ಣವೇ ಇರಲಿಲ್ಲ.

"ಅಕ್ಕಾರ... ಕುಡಿಯೂದು ಸಣ್ಣ ನಳದ್ದೇನ್ರಿ?"

"ಹೌದ್ರಿ. ಯಾಕ?"

ಬೀಗತಿ ಹಿತ್ತಲ ಕಟ್ಟೆಯ ಮೇಲೆ ಮೆಲ್ಲಗೆ ಕುಳಿತರು. "ನಮ್ಮಲ್ಲೆ ನೀರ ತುಂಬಾಕಿ ನಾನ. ಮೂರು ವರ್ಷ ಆತು, ದೊಡ್ಡ ಪೈಪಿಂದ ತುಂಬತೇನಿ. ಸಣ್ಣ ನಳದ್ದು ಹೊಲಸು ಅಂತ ದನದ ಬಾನಿಗೆ ಹಾಕತೇನಿ."

ನಗಬಾರದೆಂದು ನಾನು ತುಟಿ ಕಚ್ಚಿ ಹಿಡಿದೆ. ಮೊದಲು ನಕ್ಕವರು ಬೀಗತಿಯೇ. ನಕ್ಕೂ ನಕ್ಕೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನಾಳೆ ಬ್ಯಾಡ್ರಿ, ಇವತ್ತ ಹೋಗಿ ಮಗಳನ್ನ ಕರ್ಕೊಂಡ ಬರ್ರಿ. ನಮ್ಮ ಮನ್ಯಾಗ ಇನ್ನೊಂದು ಗುಟುಕು ಆಕಿ ಕುಡಿಯೂದು ಬ್ಯಾಡ."

ಅತ್ತೆಯವರು ತುಂಬಿದ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು, ಏನೋ ನೆನಪಾದವರಂತೆ ಬೀಗತಿಯ ಕಡೆ ತಿರುಗಿದರು.

"ಅದಕ್ಕ ನೋಡ್ರಿ ಬೀಗರ, ನಿಮ್ಮ ಮನ್ಯಾಗ ಜಡ್ಡು ಇಲ್ಲದ್ದು ಎಮ್ಮಿಗೆ ಒಂದಕ್ಕ."